ನಲವತ್ತನೆಯ ಹೆಸರು

ಟ್ಯೂಬುಗಳೇ ಅದಲು ಬದಲಾಗಿದ್ದರೆ? ಆಗಬಾರದು ಎಂದೇನಿಲ್ಲ. ನಲವತ್ತು ಜನರ ರಕ್ತ, ನಲವತ್ತು ಚೀಟಿ. ಚೀಟಿ ಅಂಟಿಸುವವಳಿಗೆ ಅವತ್ತು ಕಣ್ಣು ಬಿಡಲಾಗದಷ್ಟು ನೆಗಡಿ. ಒಬ್ಬನ ರಕ್ತ ಇನ್ನೊಬ್ಬನ ಹೆಸರಿಗೆ ಬಿದ್ದಿರಬಹುದು. ಹಾಗಿದ್ದರೆ ಆ ಇನ್ನೊಬ್ಬನ ಅಂಕಿಯೂ ತಲೆಕೆಳಗಾಗಬೇಕಿತ್ತಲ್ಲ? ಆಗಿರಲಿಲ್ಲ. ಅಥವಾ ಹುಲಗಪ್ಪ ಊಟ ಮಾಡಿ ಬಂದಿದ್ದನೇ? ಬೆಳಗಿನ ಜಾವ ರೊಟ್ಟಿ ತಿಂದು, ಬಾಯಿ ಒರೆಸಿಕೊಂಡು, ಖಾಲಿ ಹೊಟ್ಟೆಯಲ್ಲಿದ್ದೇನೆ ಎಂದು ಹೇಳಿದ್ದನೇ? ಒಂದು ರೊಟ್ಟಿ ಇಷ್ಟು ಏರಿಸುವುದಿಲ್ಲ ಎಂದು ಎಂ.ಎಸ್ಸಿ. ಓದಿದ ರಘುಪತಿಗೆ ಗೊತ್ತಿತ್ತು. ಗೊತ್ತಿದ್ದೂ ಲೋಕಲ್ ರೈಲಿನಲ್ಲಿ ಡೊಂಬಿವಲಿಯಿಂದ ಠಾಣೆಯವರೆಗೆ ಅವನು ಆ ರೊಟ್ಟಿಯನ್ನೇ ನೆಚ್ಚಿಕೊಂಡು ನಿಂತಿದ್ದ.

ಲೋಕಲ್‌ನಲ್ಲಿ ಮೂಗು ತುರಿಸಿಕೊಳ್ಳಲೂ ಕೈ ಎತ್ತುವಂತಿರಲಿಲ್ಲ. ಎದೆಗೆ ಅವುಚಿಕೊಂಡ ಬ್ಯಾಗಿನಲ್ಲಿ ಹಿಂದಿನ ಸಂಜೆ ಲ್ಯಾಬಿನಿಂದ ಬಂದ ಹಾಳೆ ಇತ್ತು. ಹುಲಗಪ್ಪ, ವಯಸ್ಸು ನಲವತ್ತನಾಲ್ಕು, ಹಮಾಲ, ತುರ್ಭೆ. ಕೆಟ್ಟ ಕೊಲೆಸ್ಟ್ರಾಲ್ ಮೂರು ತಿಂಗಳ ಹಿಂದೆ ನೂರ ನಲವತ್ತೆರಡು. ಈಗ ಇನ್ನೂರ ಮೂವತ್ತೊಂದು.

ಮಹಾಪೆಯಲ್ಲಿ ಗಿಡಮೂಲಿಕೆ ಔಷಧಿ ಮಾಡುವ ಕಂಪನಿಯೊಂದಕ್ಕಾಗಿ ರಘುಪತಿ ಈ ಪರೀಕ್ಷೆ ನಡೆಸುತ್ತಿದ್ದ. ಅಡುಗೆಮನೆಯ ಮೆಂತ್ಯವನ್ನು ದಿನಾ ತಿಂದರೆ ರಕ್ತದ ಕೊಬ್ಬು ಇಳಿಯುತ್ತದೆಯೇ ಎಂಬುದಷ್ಟೇ ಪ್ರಶ್ನೆ. ನಲವತ್ತು ಜನ, ಮೂರು ತಿಂಗಳು. ಇಪ್ಪತ್ತು ಜನರ ಕ್ಯಾಪ್ಸೂಲಿನಲ್ಲಿ ಮೆಂತ್ಯದ ಪುಡಿ, ಉಳಿದ ಇಪ್ಪತ್ತು ಜನರದರಲ್ಲಿ ಬರೀ ಗೋಧಿ ತೌಡು. ಯಾರಿಗೆ ಯಾವುದು ಎಂಬುದು ನುಂಗುವವರಿಗೂ ಗೊತ್ತಿರಲಿಲ್ಲ, ಕೊಡುವ ರಘುಪತಿಗೂ ಗೊತ್ತಿರಲಿಲ್ಲ. ಆ ಪಟ್ಟಿ ಮೇಲಧಿಕಾರಿ ಅಭಿಜಿತ್‌ನ ಬೀರುವಿನಲ್ಲಿ, ಅಂಟು ಹಾಕಿದ ಲಕೋಟೆಯೊಳಗಿತ್ತು. ಸೇರುವವರಿಗೆ ಒಂದೇ ಶರತ್ತು. ಕೊಬ್ಬು ಇಳಿಸುವ ಬೇರೆ ಗುಳಿಗೆ ತೆಗೆದುಕೊಳ್ಳುತ್ತಿರಬಾರದು. ತೆಗೆದುಕೊಳ್ಳುತ್ತಿದ್ದರೆ ಇಳಿದದ್ದು ಗುಳಿಗೆಯಿಂದಲೋ ಮೆಂತ್ಯದಿಂದಲೋ ತಿಳಿಯುವುದಿಲ್ಲ.

ಹುಲಗಪ್ಪನ ಹಾಳೆ ನೋಡಿ ಅಭಿಜಿತ್ ನಕ್ಕುಬಿಟ್ಟಿದ್ದ. "ಅರೇ ರಘು, ಚಾಲೀಸ್ ಮೇ ಏಕ್ ಹೀ ತೊ ಹೈ. ಡ್ರಾಪ್‌ಔಟ್ ದಿಖಾ ದೇ." ನಲವತ್ತರಲ್ಲಿ ಒಬ್ಬ ತಾನೇ, ನಡುವೆಯೇ ಬಿಟ್ಟುಹೋದ ಎಂದು ಬರೆದರೆ ಮುಗಿಯಿತು, ವರದಿ ಚೊಕ್ಕ. ವರದಿ ಚೊಕ್ಕವಾಗಿ ಹೋದರೆ ಆರು ವರ್ಷದಿಂದ ಕಾಂಟ್ರಾಕ್ಟಿನಲ್ಲಿರುವ ರಘುಪತಿ ಪರ್ಮನೆಂಟ್. ಹೊರಡುವಾಗ ಅಭಿಜಿತ್, ಮನುಷ್ಯ ಆರೋಗ್ಯವಾಗಿದ್ದಾನೆ ತಾನೇ ಎಂದು ಸುಮ್ಮನೆ ಕೇಳಿದಂತೆ ಕೇಳಿದ್ದ: "ಆದ್ಮೀ ಠೀಕ್ ಹೈ ನಾ?"

"ಠೀಕ್ ಹೈ," ಎಂದಿದ್ದ ರಘುಪತಿ.

ಠಾಣೆಯಲ್ಲಿ ಪನ್ವೇಲ್ ಗಾಡಿ ಹತ್ತಿ ಕಿಟಕಿ ಪಕ್ಕ ಕೂತಾಗ ರೊಟ್ಟಿಯ ನೆಪವೂ ಮುಗಿದಿತ್ತು. ಕಣ್ಣೆದುರು ಬಂದದ್ದು ಮಸಾಲೆ ಮಾರ್ಕೆಟ್ಟಿನ ಚಹಾ ಕ್ಯಾಂಟೀನಿನ ಹಿಂದೆ ಹಾಕಿದ್ದ ಮೇಜು. ಹೆಸರು ಬರೆದುಕೊಳ್ಳುವ ಕೊನೆಯ ದಿನ. ಮೂವತ್ತೊಂಬತ್ತು ಹೆಸರು ಆಗಿತ್ತು. ಸಂಜೆಯೊಳಗೆ ಇನ್ನೊಂದು ಬೇಕಿತ್ತು. ಚೀಲ ಇಳಿಸಿ ನೇರ ಬಂದ ಹುಲಗಪ್ಪನ ಬಿಳಿ ಅಂಗಿ ಬೆವರಿಗೆ ಮೈಗಂಟಿತ್ತು. ಎಡಗಡೆಯ ಜೇಬಿನಲ್ಲಿ ಬೀಡಿ ಕಟ್ಟು, ಬೀಡಿಯ ಪಕ್ಕದಲ್ಲಿ ಗುಳಿಗೆಯ ಪಟ್ಟಿ. ಒದ್ದೆ ಬಟ್ಟೆಯ ಮೂಲಕ ಅದರ ಬೆಳ್ಳಿ ಬಣ್ಣ, ಹಸಿರು ಅಕ್ಷರ, ಒಡೆದು ಖಾಲಿಯಾದ ಮೂರು ಗೂಡು ಎಲ್ಲ ಕಾಣುತ್ತಿದ್ದವು. ಆ ಹೆಸರನ್ನು ರಘುಪತಿ ದಿನಕ್ಕೆ ಹತ್ತು ಸಲ ಓದುತ್ತಿದ್ದ. ಕೊಬ್ಬು ಇಳಿಸುವ ಗುಳಿಗೆ.

"ಕೊಲೆಸ್ಟ್ರಾಲಿಗೆ ಮಾತ್ರೆ ಏನಾದರೂ ತಗೊಳ್ತೀರಾ?" ಎಂದು ಅವನು ಎಲ್ಲರನ್ನೂ ಕೇಳಿದಂತೆ ಕೇಳಿದ್ದ.

"ಏ ಇಲ್ರಿ ಸರ. ಗುಳಿಗಿ ಗಿಳಿಗಿ ನಮಗ ಆಗಿ ಬರಂಗಿಲ್ಲ." ಹೇಳುತ್ತ ಹುಲಗಪ್ಪ ಬಲಗೈಯನ್ನು ಜೇಬಿನ ಮೇಲೆ ಇಟ್ಟುಕೊಂಡಿದ್ದ, ದೇವರ ಮುಂದೆ ನಿಂತವನ ಹಾಗೆ.

ರಘುಪತಿ 'ಇಲ್ಲ' ಎಂಬ ಚೌಕದಲ್ಲಿ ಗುರುತು ಹಾಕಿದ. ಕೆಳಗೆ ತನ್ನ ಸಹಿ ಹಾಕಿದ.

ಮನುಷ್ಯ ಆಮೇಲೆ ಗುಳಿಗೆಯನ್ನೂ ಕ್ಯಾಪ್ಸೂಲನ್ನೂ ಎರಡನ್ನೂ ನುಂಗುತ್ತಾನೆ, ಹೆಚ್ಚೆಂದರೆ ಅವನ ಅಂಕಿ ಸ್ವಲ್ಪ ಇಳಿಯುತ್ತದೆ, ಯಾರಿಗೂ ನಷ್ಟವಿಲ್ಲ. ಅವತ್ತು ಅಷ್ಟೇ ಯೋಚಿಸಿದ್ದು. ಗುಳಿಗೆ ಬಿಟ್ಟೇಬಿಡುತ್ತಾನೆ ಎಂದು ಹೊಳೆದಿರಲಿಲ್ಲ. ಅಥವಾ ಹೊಳೆದಿತ್ತೇ? ತುರ್ಭೆ ಬರುವವರೆಗೂ ಅದನ್ನೇ ಕೆದಕುತ್ತಿದ್ದ.

ಹುಲಗಪ್ಪನದು ಗುಡ್ಡದ ಬುಡದ ಸಾಲುಮನೆಗಳ ಚಾಳಿನಲ್ಲಿ ಒಂದೇ ಕೋಣೆಯ ಖೋಲಿ. ಅವನ ಹೆಂಡತಿ ಚಂದ್ರಬಾಯಿ ಗಂಡನಿಗೂ ಊರ ಕಡೆಯ ಇನ್ನೂ ಐದು ಜನ ಹಮಾಲರಿಗೂ ಎರಡು ಹೊತ್ತು ಅಡುಗೆ ಮಾಡಿ ಹಾಕುತ್ತಿದ್ದಳು. ಆರು ಜನರೂ ಪರೀಕ್ಷೆಗೆ ಸೇರಿದವರೇ, ಪರೀಕ್ಷೆಯ ಉಳಿದವರೂ ಅದೇ ಚಾಳಿನವರು. ರಘುಪತಿ ಹೊಸ್ತಿಲಲ್ಲಿ ನಿಂತಾಗ ಅವಳು ರೊಟ್ಟಿ ಬಡಿಯುತ್ತಿದ್ದಳು. ಚಾಳಿನ ಉದ್ದಕ್ಕೂ ಆ ಸದ್ದು.

"ಅಯ್ಯ ಸರ, ಇಷ್ಟ ಲಗೂ? ಬರ್ರಿ, ಕುಂದರ್ರಿ. ಅವರು ಐದಕ್ಕ ಹೋಗ್ಯಾರ."

"ಅವರ ಫೋನೇ ತಾಗುವುದಿಲ್ಲ ಅಲ್ವಾ?"

"ಅದು ಬಕೀಟಿನ್ಯಾಗ ಬಿದ್ದೈತ್ರಿ. ಅಕ್ಕಿಯೊಳಗ ಹುಗದ ಇಟ್ಟೀನಿ, ಮೂರು ದಿನಾತು. ಇನ್ನೂ ಕಣ್ಣ ತಗದಿಲ್ಲ." ನಕ್ಕಳು. "ನಂಬರ ಬಂದಾವೇನ್ರಿ? ನಮ್ಮನಿಯವರದು ಎಷ್ಟ ಇಳದೈತಿ?"

"ಅವರ ಹತ್ತಿರವೇ ಮಾತಾಡ್ತೇನೆ."

"ಹೌದೌದು, ಅವರಿಗೇ ಹೇಳ್ರಿ. ದಿನಾ ಕೇಳತಾರ, ಸರ ಯಾವಾಗ ಬರ್ತಾರ, ಸರ ಯಾವಾಗ ಬರ್ತಾರ ಅಂತ. ಸಾಲಿ ಹುಡುಗರು ರಿಜಲ್ಟ್ ಕಾಯ್ದಂಗ." ಬಿಸಿ ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕಿ ಅವನ ಕೈಗೇ ಕೊಟ್ಟಳು. "ತಿನ್ರಿ. ಒಲ್ಲೆ ಅನಬ್ಯಾಡ್ರಿ."

ಮೊದಲ ತುತ್ತಿಗೇ ನಾಲಿಗೆಗೆ ಕಹಿ ಹತ್ತಿತು. ಎರಡನೆಯ ತುತ್ತು ಬಾಯಲ್ಲೇ ಉಳಿಯಿತು.

"ಇದರಲ್ಲಿ ಮೆಂತ್ಯ ಹಾಕಿದ್ದೀರಾ?"

"ನಿಮ್ಮದ ಪುಡಿ, ಗುರ್ತ ಸಿಗಲಿಲ್ಲೇನ್ರಿ?" ಚಂದ್ರಬಾಯಿ ಹಿಟ್ಟಿನ ಕೈಯಿಂದಲೇ ಒಲೆಯ ಪಕ್ಕದ ಸ್ಟೀಲ್ ಡಬ್ಬಿ ತೋರಿಸಿದಳು. "ನಮ್ಮಲ್ಲಿ ಉಣ್ಣೂ ಮಾನಪ್ಪಣ್ಣ ಲಿಂಗ ಕಟ್ಟಿದವರು ನೋಡ್ರಿ. ಆ ಔಷಧದ ಮ್ಯಾಲಿನ ಟೊಪ್ಪಿಗಿ ಎಲುಬಿಂದ ಮಾಡಿರ್ತಾರ ಅಂತ ಯಾರೋ ಹೇಳಿದ್ರು. ಜೀವ ಹೋದ್ರೂ ನುಂಗಂಗಿಲ್ಲ ಅಂತ ಕುಂತಬಿಟ್ರು. ಹಂಗಾರ ಬಿಚ್ಚರಿ, ಟೊಪ್ಪಿಗಿ ಒಗೀರಿ, ಪುಡಿ ಇತ್ತ ಕೊಡ್ರಿ ಅಂದೆ. ಒಬ್ಬರಿಗೆ ಒಂದ ಡಬ್ಬಿ ಅಂದ್ರ ಆರು ಡಬ್ಬಿ ಎಲ್ಲಿ ಇಡ್ಲಿ ಈ ಖೋಲ್ಯಾಗ? ಎಲ್ಲಾರದೂ ಕೂಡಿಸಿ ಇದರಾಗ ಸುರದೀನಿ. ದಿನಾ ರೊಟ್ಟಿ ಹಿಟ್ಟಿನ್ಯಾಗ ಆರು ಚಮಚೆ. ಒಂದ ದಿನಾ ತಪ್ಪಿಸಿಲ್ರಿ."

"ಎಲ್ಲರದ್ದೂ ಒಟ್ಟಿಗೆ?"

"ಮತ್ತ? ಕೂಡಿ ಉಣ್ಣೂ ಮಂದಿ. ನಿನ್ನ ಔಷಧ ನಿನಗ, ನನ್ನ ಔಷಧ ನನಗ ಅಂತ ತಿಂತಾರೇನ್ರಿ ಯಾರರ?" ಅವನ ಮುಖ ನೋಡಿ ಅವಳ ದನಿ ಸ್ವಲ್ಪ ಇಳಿಯಿತು. "ತಪ್ಪಾತೇನ್ರಿ? ಬಾಜೂ ಖೋಲಿಯವರಿಗೂ ನಾನೇ ಹೇಳಿಕೊಟ್ಟೀನಿ. ಈಗ ಇಡೀ ಚಾಳ ಹಿಂಗ ಮಾಡತೈತಿ."

"ಇಲ್ಲ, ತಪ್ಪೇನಿಲ್ಲ," ಎಂದ ರಘುಪತಿ.

ಮೆಂತ್ಯ ಯಾರಿಗೆ, ತೌಡು ಯಾರಿಗೆ ಎಂದು ಬರೆದು, ಅಂಟು ಹಾಕಿ, ಬೀಗದೊಳಗಿಟ್ಟ ಲಕೋಟೆ ನೆನಪಾಯಿತು. ಎಲ್ಲರೂ ಎರಡನ್ನೂ ತಿಂದಿದ್ದರು. ಮೂರು ತಿಂಗಳ ಪರೀಕ್ಷೆ ಮೊದಲ ವಾರದಲ್ಲೇ ಈ ಡಬ್ಬಿಯಲ್ಲಿ ಕಲಸಿಹೋಗಿತ್ತು. ಯಾವ ವರದಿಗಾಗಿ ಅವತ್ತು ಬಾಯಿ ಮುಚ್ಚಿಕೊಂಡಿದ್ದನೋ ಆ ವರದಿಯಲ್ಲಿ ಹುರುಳೇ ಇರಲಿಲ್ಲ. ಕಾಪಾಡಿಕೊಳ್ಳಬೇಕಾದದ್ದು ಏನೂ ಉಳಿದಿಲ್ಲ ಎಂದರೆ ಒಂದು ಲೆಕ್ಕಕ್ಕೆ ಹಗುರಾಗಬೇಕಿತ್ತು. ಆಗಲಿಲ್ಲ. ಕೈಯಲ್ಲಿದ್ದ ರೊಟ್ಟಿಯನ್ನು ಅವನು ಕೊನೆಯ ಚೂರಿನವರೆಗೆ ತಿಂದ, ಬಿಟ್ಟರೆ ಅವಳು ಇನ್ನೇನಾದರೂ ಕೇಳಿಯಾಳು ಎಂಬ ಹೆದರಿಕೆಯಿಂದ.

ಗುಳಿಗೆಯ ವಿಷಯ ಚಂದ್ರಬಾಯಿಯನ್ನೇ ಕೇಳಬಹುದಿತ್ತು. ಕೇಳಿದರೆ ಅವಳು ತಿರುಗಿ ಕೇಳುತ್ತಾಳೆ: ನಿಮಗ ಹೆಂಗ ಗೊತ್ತಾತ್ರಿ? ರಘುಪತಿ ಎದ್ದು ಚಪ್ಪಲಿ ಮೆಟ್ಟಿದ.

ಮಸಾಲೆ ಮಾರ್ಕೆಟ್ಟಿನ ಗೇಟು ದಾಟುವ ಮೊದಲೇ ಮೆಣಸಿನಕಾಯಿಯ ಘಾಟಿಗೆ ಮೂಗು ಉರಿಯಿತು. ಒಂದು ಅಂಗಡಿಯ ಮುಂದೆ ಲಾರಿ ನಿಂತಿತ್ತು. ಲಾರಿಗೆ ಹಲಗೆ ಒರಗಿಸಿ ಕೊತ್ತಂಬರಿ ಬೀಜದ ಚೀಲಗಳನ್ನು ಏರಿಸುತ್ತಿದ್ದರು. ಹುಲಗಪ್ಪ ಚೀಲ ಬೆನ್ನಿಗೆ ಹಾಕಿಕೊಂಡು ಹಲಗೆಯ ಮೇಲೆ ಓಡುವವನಂತೆ ಏರಿ, ಒಳಗೆ ಕೆಡವಿ, ಮತ್ತೆ ಕೆಳಗೆ ಜಿಗಿದ. ರಘುಪತಿಯನ್ನು ನೋಡಿ ಕೂಗಿದ:

"ಏ, ತೋಳ ಮಡಚಿಕೊಳ್ರೋ! ರಕ್ತ ಹೀರೂ ಸಾಹೇಬ್ರು ಬಂದ್ರು!"

ಉಳಿದವರು ಗೊಳ್ಳೆಂದು ನಕ್ಕರು. "ಹುಲಗ್ಯಾನ ರಕ್ತ ತಗೋಬ್ಯಾಡ್ರಿ ಸರ, ಬರೇ ಚಾದ ನೀರ ಬರತೈತಿ," ಎಂದ ಮಾನಪ್ಪ ಲಾರಿಯ ಮೇಲಿಂದ.

ರಘುಪತಿ ಹುಲಗಪ್ಪನನ್ನು ತೂಕದ ಕಾಟಾದ ಹಿಂದೆ ಕರೆದುಕೊಂಡು ಹೋದ. ಅವನು ಬಾಯಿ ತೆರೆಯುವ ಮೊದಲೇ ಹುಲಗಪ್ಪ ಲುಂಗಿ ಎತ್ತಿ ಕಟ್ಟಿ ಅಲ್ಲೇ ಬೈಠಕ್ ಹೊಡೆಯತೊಡಗಿದ. ಒಂದು, ಎರಡು, ಮೂರು. ಹತ್ತರವರೆಗೆ ಎಣಿಸಿ ನಿಂತ.

"ನೋಡಿದ್ರೇನ್ರಿ? ಚಳಿಗಾಲದಾಗ ಈ ಹಲಗಿ ಏರಾಕ ತೊಡಿ ಗಡಗಡ ನಡಗತಿದ್ವು. ಹಮಾಲಂದು ಕಾಲ ಹೋದ್ರ ಉಳೂದೇನ್ರಿ? ರಾತ್ರಿ ಎಲ್ಲಾ ಎಣ್ಣಿ ತಿಕ್ಕೊಂತ ಕುಂದರತಿದ್ದೆ. ನಿಮ್ಮ ಪುಡಿ ಚಾಲೂ ಆದ ಮ್ಯಾಲ ಹದಿನೈದ ದಿನದಾಗ ನೋವು ಮಾಯ. ದೇವರಂಥಾ ಔಷಧ ಅದು."

ಆ ಗುಳಿಗೆಯಿಂದ ಕೆಲವರಿಗೆ ಸ್ನಾಯು ನೋಯುತ್ತದೆ. ಗುಳಿಗೆ ಬಿಟ್ಟರೆ ನೋವೂ ಬಿಡುತ್ತದೆ. ಇದು ರಘುಪತಿಗೆ ಗೊತ್ತಿತ್ತು. ಇನ್ನು ಅನುಮಾನಕ್ಕೆ ಜಾಗವಿರಲಿಲ್ಲ.

"ಹುಲಗಪ್ಪ, ನಿಮ್ಮ ನಂಬರು ಏರಿದೆ. ತುಂಬ ಏರಿದೆ. ಇನ್ನೂರ ಮೂವತ್ತೊಂದು."

"ಮಾನಪ್ಪಂದು?"

"ಅವರದ್ದು ಸ್ವಲ್ಪ ಇಳಿದಿದೆ."

"ಅಲ್ರಿ, ಒಂದ ಹಂಚಿನ ರೊಟ್ಟಿ ತಿಂತೀವಿ. ಅವಂದು ಇಳಿತೈತಿ, ನಂದು ಏರತೈತಿ ಅಂದ್ರ? ನಿಮ್ಮ ಮಿಶಿನ್‌ಗೆ ಮಾನಪ್ಪ ಏನರ ತಿನಿಸ್ಯಾನ."

"ನಗಬೇಡಿ ಮಾರಾಯ್ರೆ." ರಘುಪತಿಯ ದನಿ ಅವನಿಗೇ ಗುರುತು ಸಿಗಲಿಲ್ಲ. "ನಿಜ ಹೇಳಿ. ಮೊದಲು ಯಾವುದಾದರೂ ಮಾತ್ರೆ ತಗೊಳ್ತಿದ್ರಾ? ಈಗ ಬಿಟ್ಟಿದ್ದೀರಾ?"

ಹುಲಗಪ್ಪನ ಬಲಗೈ ಎಡಜೇಬಿಗೆ ಹೋಯಿತು. ಜೇಬಿನಲ್ಲಿ ಬೀಡಿ ಕಟ್ಟು ಮಾತ್ರ ಇತ್ತು. "ಇಲ್ರಿ," ಎಂದ. "ಅವತ್ತೇ ಹೇಳೀನಲ್ಲ."

ಅವನು ಲಾರಿಯ ಕಡೆ ನೋಡುತ್ತಿದ್ದ. ಸುಳ್ಳು ಹೇಳುವುದು ರೂಢಿಯಿಲ್ಲದವನ ಮುಖ, ಕಿವಿಯವರೆಗೆ ಬಿಸಿಯೇರಿತ್ತು. ಅವತ್ತು ಜೇಬಿನಲ್ಲಿ ಗುಳಿಗೆಯ ಪಟ್ಟಿ ಇತ್ತು, ನಾನು ಕಂಡಿದ್ದೆ, ಅಷ್ಟು ಹೇಳಿದ್ದರೆ ಸಾಕಿತ್ತು. ಆ ಮನುಷ್ಯ ಅಲ್ಲೇ ತಲೆ ತಗ್ಗಿಸುತ್ತಿದ್ದ, ಸಂಜೆಯಿಂದಲೇ ಗುಳಿಗೆ ಶುರು ಮಾಡುತ್ತಿದ್ದ. ಆದರೆ ತಲೆ ಎತ್ತಿದ ಮೇಲೆ ಕೇಳುತ್ತಿದ್ದ, ಕಂಡಿದ್ದರೂ ಯಾಕೆ ಬರೆದುಕೊಂಡಿರಿ ಎಂದು. ಮಾನಪ್ಪನೂ ಕೇಳುತ್ತಿದ್ದ. ಆ ಅಂಗಳದಲ್ಲಿ ತನ್ನನ್ನು 'ಸರ' ಎನ್ನುವ ಎಲ್ಲರೂ ಕೇಳುತ್ತಿದ್ದರು. ರಘುಪತಿಯ ನಾಲಿಗೆಯ ಮೇಲೆ ಇನ್ನೂ ಮೆಂತ್ಯದ ಕಹಿ.

"ಈಗಲೇ ದವಾಖಾನೆಗೆ ಹೋಗುವಾ," ಎಂದ. "ನಾನೇ ಕರ್ಕೊಂಡು ಹೋಗ್ತೇನೆ. ಹೃದಯ ತೋರಿಸಿ ಬರುವಾ. ರಿಕ್ಷಾ ಮಾಡ್ತೇನೆ."

"ಇವತ್ತ ನಾಕ ಲಾರಿ ಅದಾವ್ರಿ ಸರ."

"ಲಾರಿ ಹಾಳಾಗಿ ಹೋಗಲಿ!" ಮೊಣಕೈ ಹಿಡಿದುಕೊಂಡ. "ನಿಮಗೆ ಕೈ ಮುಗೀತೇನೆ, ಬನ್ನಿ."

ಹುಲಗಪ್ಪ ಅವನ ಕೈಯನ್ನು ಮೆಲ್ಲಗೆ ಬಿಡಿಸಿ, ಬಿಡಿಸಿದ ಕೈಯನ್ನೇ ಒಂದು ಗಳಿಗೆ ಹಿಡಿದುಕೊಂಡ. "ಐತವಾರ ಹೋಗೂಣ್ರಿ. ಮಾರ್ಕೆಟ್ ಬಂದ್ ಇರತೈತಿ. ಹೆದರಿಕಿ ನನಗೂ ಐತಿ ಸರ. ನಮ್ಮಣ್ಣ ಇಲ್ಲೇ ಹೋದ, ನಲವತ್ತೊಂದ ವಯಸ್ಸಿಗೆ, ಬೆನ್ನ ಮ್ಯಾಲಿನ ಚೀಲ ಇನ್ನೂ ಇಳಿಸಿದ್ದಿಲ್ಲ. ಅದಕ್ಕ ನಾ ನಿಮ್ಮ ಪುಡಿ ಒಂದ ದಿನಾ ಬಿಟ್ಟಿಲ್ಲ. ಎಲ್ಲಾ ಬಿಟ್ಟ ಅದನ್ನೊಂದ ನಂಬೀನಿ."

ಎಲ್ಲಾ ಬಿಟ್ಟು. ಅಲ್ಲಿಯೂ ಬಾಗಿಲು ತೆರೆದೇ ಇತ್ತು. ಏನೇನು ಬಿಟ್ಟಿರಿ ಎಂದು ಕೇಳಬಹುದಿತ್ತು. ಅಷ್ಟರಲ್ಲಿ ಮಾನಪ್ಪ ಶಿಳ್ಳೆ ಹಾಕಿದ, ಹುಲಗಪ್ಪ ಓಡಿದ. ಹಲಗೆ ಅವನ ಕಾಲ ಕೆಳಗೆ ಬಾಗಿ ಬಾಗಿ ಏಳುವುದನ್ನು ರಘುಪತಿ ಆರು ಚೀಲದವರೆಗೆ ನೋಡಿದ. ಆಮೇಲೆ ಆಫೀಸಿಗೆ ಹೊತ್ತಾಗಿದೆ ಎಂದುಕೊಂಡು ಹೊರಟ.

ಮಧ್ಯಾಹ್ನ ಕಂಪ್ಯೂಟರಿನಲ್ಲಿ ಹುಲಗಪ್ಪನ ಹೆಸರಿನ ಮುಂದೆ ಡ್ರಾಪ್‌ಔಟ್ ಎಂದು ತುಂಬಿದ. ಕಾರಣ ಎಂಬಲ್ಲಿ 'ಸ್ವಂತ ಇಚ್ಛೆ' ಎಂದು ಆರಿಸಿದ. ರೊಟ್ಟಿ ಡಬ್ಬಿಯ ಸಂಗತಿಯನ್ನೂ ಅಭಿಜಿತ್‌ನಿಗೆ ತಿಳಿಸಲಿಲ್ಲ. ಮರುದಿನ, ಬುಧವಾರ, ಮೂರು ಸಲ ಹುಲಗಪ್ಪನಿಗೆ ಫೋನ್ ಹಚ್ಚಿದ, ಅದು ಅಕ್ಕಿಯಲ್ಲಿ ಹೂತಿದೆ ಎಂದು ಗೊತ್ತಿದ್ದೂ. ಹಚ್ಚಿದ್ದೆ ಎನ್ನಲು ಹಚ್ಚಿದನೋ ಏನೋ. ಮಾನಪ್ಪನ ನಂಬರೂ ಅವನ ಬಳಿ ಇತ್ತು. ಅದಕ್ಕೆ ಹಚ್ಚಲಿಲ್ಲ. ಭಾನುವಾರ ತಾನೇ ಮುಂದೆ ನಿಂತು ಕರೆದುಕೊಂಡು ಹೋಗುವುದು, ಡಾಕ್ಟರ ಎದುರಿಗೆ ಹುಲಗಪ್ಪ ತಾನಾಗಿಯೇ ಬಾಯಿಬಿಡುವುದು, ತನ್ನ ಮಾತೇ ಬೇಕಾಗದಿರುವುದು, ಹೀಗೆಲ್ಲ ಮನಸ್ಸಿನಲ್ಲೇ ನಡೆಸಿ ನೋಡಿದ. ನಾಲ್ಕೇ ದಿನ ತಾನೇ.

ಗುರುವಾರ ಹನ್ನೊಂದಕ್ಕೆ ಫೋನ್ ಬಂತು. ಮಾನಪ್ಪನ ನಂಬರು, ಚಂದ್ರಬಾಯಿಯ ದನಿ. "ಸರ, ನಮ್ಮನಿಯವರು ಹಲಗಿ ಮ್ಯಾಲ ಬಿದ್ರು. ವಾಶಿ ದವಾಖಾನ್ಯಾಗ ಅದಾರ. ಡಾಕ್ಟರ್ ಏನ ಕೇಳತಾರ, ನನಗ ತಿಳಿವಲ್ತು. ನೀವು ಬರ್ರಿ ಸರ, ನೀವು ಬರ್ರಿ."

ಹುಲಗಪ್ಪ ಬದುಕಿದ್ದ. ಮೂಗಿಗೆ ನಳಿಗೆ, ಎದೆ ತುಂಬ ವಯರು, ತುಟಿ ಬೂದಿ ಬಣ್ಣ. ಹೃದಯದ ಅರ್ಧದಷ್ಟು ಭಾಗ ಕೆಲಸ ನಿಲ್ಲಿಸಿದೆ ಎಂದು ಡಾಕ್ಟರು ಹಿಂದಿಯಲ್ಲಿ ವಿವರಿಸಿದರು. ಉಳಿದರೂ ಇನ್ನು ಭಾರ ಎತ್ತುವ ಹಾಗಿಲ್ಲ, ಒಂದು ಕೊಡ ನೀರನ್ನೂ. ಚಂದ್ರಬಾಯಿ ಸೀರೆಯ ಸೆರಗಿನಿಂದ ಗಂಟು ಬಿಚ್ಚಿ ಗುಳಿಗೆಯ ಪಟ್ಟಿಗಳನ್ನು ಮುಂದೆ ಹಿಡಿದಳು. ಟ್ರಂಕಿನ ತಳದಲ್ಲಿ ಸಿಕ್ಕವಂತೆ. ಒಂದರಲ್ಲಿ ಮೂರು ಗೂಡು ಖಾಲಿ, ಉಳಿದವು ಒಡೆದೇ ಇರಲಿಲ್ಲ.

"ಪಿತ್ತದ ಗುಳಿಗಿ ಅಂತ ಇವರು ಹೇಳಿದ್ರು ನನಗ," ಎಂದಳು.

ಡಾಕ್ಟರು ಪಟ್ಟಿ ತಿರುಗಿಸಿ ನೋಡಿದರು. "ಬಂದ್ ಕ್ಯೋಂ ಕಿಯಾ?" ಎಂದು ಕೇಳಿದರು. ಯಾಕೆ ನಿಲ್ಲಿಸಿದ? ಗುಳಿಗೆ ತಗೊಂಡಿದ್ದರೆ ಇದು ಬರುತ್ತಲೇ ಇರಲಿಲ್ಲವೇ ಎಂದು ರಘುಪತಿ ಇಂಗ್ಲಿಷಿನಲ್ಲಿ ಕೇಳಿದ. ಹಾಗೆ ಖಂಡಿತವಾಗಿ ಹೇಳಲಾಗದು ಎಂದರು ಅವರು. ಆ ಒಂದು ಮಾತನ್ನು ಅವನು ಹಿಡಿದುಕೊಳ್ಳಲು ನೋಡಿದ. ಡಾಕ್ಟರು ಮಾತು ಮುಗಿಸಿರಲಿಲ್ಲ: "ಆದರೆ ಅಣ್ಣನೂ ಹೀಗೇ ಹೋದ ಇಂಥ ಮನೆತನದವನಿಗೆ ಅದೊಂದೇ ಆಸರೆಯಾಗಿತ್ತು."

ಸಂಜೆ ಹುಲಗಪ್ಪ ಕಣ್ಣು ಬಿಟ್ಟ. ಮೊದಲು ಹೆಂಡತಿಯನ್ನು, ಆಮೇಲೆ ಗೋಡೆಗೆ ಆತು ನಿಂತಿದ್ದ ರಘುಪತಿಯನ್ನು ನೋಡಿದ. ವಯರುಗಳ ನಡುವೆಯೇ ಎರಡೂ ಕೈ ಜೋಡಿಸಲು ಹೆಣಗಿದ.

"ತಪ್ಪಾತ್ರಿ ಸರ," ಎಂದ. ದನಿ ಉಸಿರಿನಷ್ಟೇ ಇತ್ತು. "ನಾ ಗುಳಿಗಿ ತಗೋತಿದ್ದೆ. ಅದನ್ನ ಹೇಳಿದ್ರ ಸೇರಿಸ್ಕೊಳ್ಳಂಗಿಲ್ಲ ಅಂತ ಬಾಜೂದವ ಅಂದ. ಕಾಲ ನೋವಿಗೆ ಸಾಕಾಗಿತ್ರಿ, ನಿಮ್ಮ ಪುಡೀನ ಸಾಕಂತ ಗುಳಿಗಿ ಬಿಟ್ಟೆ. ನಿಮಗ ಸುಳ್ಳ ಬರಸಿದೆ."

"ಎಂಥಾ ಮನಶಾ ಇದ್ದೀರಿ," ಚಂದ್ರಬಾಯಿ ಅಳುತ್ತಲೇ ಬೈದಳು. "ಸಾಹೇಬ್ರು ನಂಬಿ ಬರಕೊಂಡ್ರು. ಅವರ ಕಣ್ಣಿಗೆ ಮಣ್ಣ ಎರಚಿದ್ರಿ. ಅವತ್ತ ಮನಿ ತನಕಾ ಬಂದ್ರು, ಮಾರ್ಕೆಟ್ಟಿಗೆ ಬಂದು ಕೈ ಮುಗದ್ರಂತ. ಆಗರ ಹೇಳಬಾರದಿತ್ತ?"

"ಹೇಳಬೇಕಿತ್ತು," ಎಂದ ಹುಲಗಪ್ಪ. ರಘುಪತಿಯ ಕಡೆ ತಿರುಗಿದ. "ನಿಮ್ಮ ಪರೀಕ್ಷಾ ಕೆಡಿಸಿಬಿಟ್ಟೆ. ನಿಮ್ಮ ನೌಕರಿಗೆ ಏನೂ ಆಗೂದಿಲ್ಲಲ್ರಿ ಸರ?"

"ಮಾತಾಡಬೇಡಿ," ಎಂದ ರಘುಪತಿ. "ಸುಸ್ತಾಗ್ತದೆ."

ಮಂಚದ ಪಕ್ಕ ಕೂತು ಆ ಜೋಡಿಸಿದ ಕೈಗಳನ್ನು ಬಿಡಿಸಿ ಹಾಸಿಗೆಯ ಮೇಲೆ ಇಟ್ಟ. ಅಂಗೈ ಚೀಲದ ಹುರಿ ಉಜ್ಜಿ ಉಜ್ಜಿ ಹಲಗೆಯಂತಾಗಿತ್ತು. ಚಂದ್ರಬಾಯಿ ಅವನಿಗೆ ಚಹಾ ತರಿಸಲೇ ಎಂದು ಕೇಳಿದಳು. ಬೇಡ ಎಂದ. ನರ್ಸ್ ಬಂದು ಹೊತ್ತಾಯಿತು ಎನ್ನುವವರೆಗೂ ಅಲ್ಲೇ ಕೂತಿದ್ದ. ಹುಲಗಪ್ಪ ನಡುನಡುವೆ ಕಣ್ಣು ಬಿಟ್ಟು ಅವನ ಮುಖ ನೋಡುತ್ತಿದ್ದ, ಕ್ಷಮಿಸಿದ ಗುರುತು ಏನಾದರೂ ಕಾಣುತ್ತದೆಯೋ ಎಂದು.

ಹೆಸರು ಬರೆದುಕೊಂಡ ದಿನ ಅಂಗಿಯ ಜೇಬಿನಲ್ಲಿದ್ದ ಗುಳಿಗೆಯ ಪಟ್ಟಿಯನ್ನು ತಾನು ಕಂಡಿದ್ದೆ ಎಂದು ರಘುಪತಿ ಅವನಿಗೆ ಹೇಳಲಿಲ್ಲ.